ಪದಚರ್ಚೆ: ಸಿಲಿಕೋನ್ ಮೆತ್ತುವುದೋ, ಬಳಿಯುವುದೋ, ಎಳೆಯುವುದೋ?

ಬಳಗದ ಎಲ್ಲರಿಗೂ ನಮಸ್ಕಾರ.

ಮನೆಯ ಸಣ್ಣಪುಟ್ಟ ರಿಪೇರಿಗಳನ್ನು ತಾವೇ ಮಾಡಿಕೊಳ್ಳುವವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ನಲ್ಲಿಯ ವಾಷರ್ ಬದಲಿಸುವುದು, ಬಾಗಿಲ ತಿರುಪು ಬಿಗಿ ಮಾಡುವುದು ಇವೆಲ್ಲ ಸಲೀಸಾಗಿ ಮುಗಿದವು. ಬಾತ್‌ರೂಮಿನ ಬೇಸಿನ್ ಸುತ್ತ, ಅದರಲ್ಲೂ ನಲ್ಲಿಯ ಹಿಂದಿನ ಇಕ್ಕಟ್ಟಿನಲ್ಲಿ, ನೀರು ಇಳಿಯದಂತೆ ಸಂದು ಮುಚ್ಚುವ ಸಿಲಿಕೋನ್ ಸೀಲಂಟ್ ಹಾಕುವ ಎರಡೇ ಪುಟಗಳ ಅಧ್ಯಾಯದಲ್ಲಿ ಮೂರು ವಾರಗಳಿಂದ ಸಿಕ್ಕಿಕೊಂಡಿದ್ದೇನೆ. ಕೆಲಸ ನನಗೆ ಗೊತ್ತು. ಅದನ್ನು ಹೇಳುವ ಕ್ರಿಯಾಪದ ಸಿಗುತ್ತಿಲ್ಲ.

ಮೊದಲ ಕರಡಿನಲ್ಲಿ 'ಬೇಸಿನ್ನಿಗೂ ಗೋಡೆಗೂ ನಡುವಿನ ಸಂದಿಗೆ ಸಿಲಿಕೋನ್ ಮೆತ್ತಿ' ಎಂದು ಬರೆದು, ಓದಿಕೊಂಡು ಮಾಡಿನೋಡು ಎಂದು ತಮ್ಮನಿಗೆ ಕೊಟ್ಟೆ. ಅವನಿಗೆ ಈ ಕೆಲಸದ ಗಂಧಗಾಳಿ ಇಲ್ಲ. ಕೈಪಿಡಿಯನ್ನು ಪರೀಕ್ಷಿಸಲು ಅಂಥವನೇ ಬೇಕು. ಸಂಜೆ ಹೋಗಿ ನೋಡಿದರೆ ಬೇಸಿನ್ನಿನ ಹಿಂಬದಿಯ ಉದ್ದಕ್ಕೂ ಬೆರಳಚ್ಚುಗಳು ಮೂಡಿದ್ದ ಬಿಳಿಯ ದಿಬ್ಬ. ಗೋಡೆಯ ಮೇಲೆ ಎರಡು ಬೆರಳಗಲ, ಪಿಂಗಾಣಿಯ ಮೇಲೆ ಎರಡು ಬೆರಳಗಲ. ನಲ್ಲಿಯ ಬುಡದ ಹಿಂದೆ, ನಿಜವಾಗಿ ನೀರು ಇಳಿಯುವ ಜಾಗದಲ್ಲಿ ಮಾತ್ರ ಏನೂ ಇಲ್ಲ.

"ಏನೋ ಇದು?" ಎಂದೆ.

"ಮೆತ್ತು ಎಂದು ಬರೆದವಳು ನೀನೇ ಅಲ್ಲವೇ ಅಕ್ಕ? ಮೆತ್ತಿದ್ದೇನೆ" ಎಂದ.

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಮಣ್ಣನ್ನು ಗೋಡೆಗೆ ಮೆತ್ತುತ್ತೇವೆ, ಅಂಗೈ ತುಂಬ ತೆಗೆದುಕೊಂಡು, ಒತ್ತಿ, ಹರಡಿ. ಆ ಪದದೊಳಗೇ ಅಂಗೈ ಇದೆ. ನಾನು ಬರೆದದ್ದನ್ನು ಅವನ ಕೈ ಸರಿಯಾಗಿಯೇ ಓದಿತು. ಮರುದಿನ ಇಬ್ಬರೂ ಕುಳಿತು ಅಷ್ಟನ್ನೂ ಬ್ಲೇಡಿನಿಂದ ಕೆರೆದು ತೆಗೆದೆವು. ಗಟ್ಟಿಯಾದ ಹಳೆಯ ಸಿಲಿಕೋನಿಗೆ ಹೊಸದು ಸರಿಯಾಗಿ ಅಂಟುವುದಿಲ್ಲವಾದ್ದರಿಂದ ಒಂದು ಚೂರನ್ನೂ ಬಿಡುವಂತಿರಲಿಲ್ಲ. ಕೆರೆಯುತ್ತ ಕುಳಿತಾಗ ಬಂದ ಯೋಚನೆಗಳೇ ಈ ಪತ್ರ.

ಮೊದಲು ನಾಮಪದದ ಗೋಜನ್ನು ಬದಿಗಿಡುತ್ತೇನೆ. ಸೀಲಂಟಿಗೆ ಕನ್ನಡ ಪದ ಬೇಕೇ? 'ಸಂದುಮುಚ್ಚುಕ', 'ಬಿರುಕುತಡೆ' ಎಂದೆಲ್ಲ ನಾನೂ ಟಂಕಿಸಿ ನೋಡಿದೆ. ಒಂದನ್ನೂ ನಗದೆ ಎರಡು ಸಲ ಹೇಳಲಾಗಲಿಲ್ಲ. ಹಳೆಯ ಪದಗಳಲ್ಲಿ ಹತ್ತಿರದ್ದು 'ಅರಗು'. ಲಕೋಟೆಗೆ ಮುದ್ರೆ ಒತ್ತಲು ಕರಗಿಸುವ ಅರಗು, ಪಾಂಡವರ ಅರಗಿನ ಮನೆಯ ಅರಗು. ಆದರೆ ಅರಗು ಬಿಸಿಗೆ ಕರಗಿ ತಣ್ಣಗಾದಾಗ ಗಟ್ಟಿಯಾಗುತ್ತದೆ, ಬಾಗಿಸಿದರೆ ಪಟಕ್ಕನೆ ಒಡೆಯುತ್ತದೆ. ಸಿಲಿಕೋನ್ ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುತ್ತದೆ, ಆಮೇಲೂ ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ. ಬೇಸಿನ್ ಮೇಲೆ ಯಾರಾದರೂ ಕೈಯೂರಿದರೆ ಅದು ಕೂದಲೆಳೆಯಷ್ಟು ಅಲುಗುತ್ತದೆ. ಆ ಅಲುಗಾಟಕ್ಕೇ ಅಲ್ಲಿ ತುಂಬಿದ ಬಿಳಿ ಸಿಮೆಂಟು ಬಿರಿಯುವುದು, ಸಿಲಿಕೋನ್ ಉಳಿಯುವುದು. ಹಾಗಾಗಿ ಅರಗು ಎಂದರೆ ವಸ್ತುವಿನ ಗುಣವನ್ನೇ ತಲೆಕೆಳಗು ಮಾಡಿದಂತೆ. 'ಅಂಟು' ಎನ್ನೋಣವೆಂದರೆ, ಅಂಟಿನ ಕೆಲಸ ಎರಡನ್ನು ಕೂಡಿಸುವುದು, ಇದರ ಕೆಲಸ ಎರಡರ ನಡುವೆ ನೀರು ನುಗ್ಗದಂತೆ ಕಾಯುವುದು.

'ಸೀಲು' ಎಂದುಬಿಡಬಹುದಲ್ಲ ಎಂದು ಒಬ್ಬರು ಸೂಚಿಸಿದರು. ಅದರ ಪಾಡನ್ನೂ ಹೇಳಬೇಕು. ಕರಡು ತಿದ್ದಲು ಹೋಗಿ ಬಂದಾಗ 'ಬೇಸಿನ್ನಿನ ಸುತ್ತಲೂ ಅಚ್ಚುಕಟ್ಟಾಗಿ ಸೀಳು ಮಾಡಿ' ಎಂದು ಅಚ್ಚಾಗಿತ್ತು. ಬೆರಳಚ್ಚು ಮಾಡಿದವರಿಗೆ 'ಸೀಲು' ತಪ್ಪು ಕಾಗುಣಿತದಂತೆ ಕಂಡಿರಬೇಕು. ಲಕಾರದ ಸೀಲು ಮುಚ್ಚುತ್ತದೆ, ಳಕಾರದ ಸೀಳು ತೆರೆಯುತ್ತದೆ. ಒಂದಕ್ಕೊಂದು ಹೀಗೆ ಹಗೆಯಾದ ಜೋಡಿಯನ್ನು ಒಂದೇ ಪುಟದಲ್ಲಿ ಇಡುವ ಧೈರ್ಯ ನನಗಿಲ್ಲ. ಮೇಲಾಗಿ ನಮಗೆ ಸೀಲು ಎಂದರೆ ಕಚೇರಿಯ ಮೊಹರು.

ವಸ್ತುವಿಗೆ 'ಸಿಲಿಕೋನ್' ಎಂದೇ ಇಟ್ಟುಕೊಳ್ಳುತ್ತೇನೆ. ಕೆಲಸಗಾರರೂ ಹೆಚ್ಚುಕಡಿಮೆ ಹಾಗೆಯೇ ಅನ್ನುತ್ತಾರೆ, ಆದರೆ ಹೆಚ್ಚಿನವರ ಬಾಯಲ್ಲಿ ಅದು 'ಸಿಲಿಕಾನ್' ಆಗುತ್ತದೆ. ಬರವಣಿಗೆಯಲ್ಲಿ ಈ ಎರಡನ್ನು ಬೇರೆ ಇಡುವುದು ಒಳ್ಳೆಯದು. ಸಿಲಿಕಾನ್ ಮೂಲಧಾತು, ಪರಮಾಣು ಸಂಖ್ಯೆ 14. ಸಿಲಿಕೋನ್ ಎಂದರೆ ಸಿಲಿಕಾನ್ ಮತ್ತು ಆಮ್ಲಜನಕ ಒಂದಾದ ಮೇಲೊಂದು ಕೊಂಡಿ ಹಾಕಿಕೊಂಡ ಉದ್ದ ಸರಪಳಿಯ ಸಂಯುಕ್ತ. 1901ರಲ್ಲಿ ರಸಾಯನವಿಜ್ಞಾನಿ ಫ್ರೆಡರಿಕ್ ಕಿಪ್ಪಿಂಗ್ 'ಕೀಟೋನ್' ಎಂಬ ಇನ್ನೊಂದು ಬಗೆಯ ಸಂಯುಕ್ತದ ಹೆಸರಿನ ಬಾಲವನ್ನು ಅಂಟಿಸಿ ಈ ಹೆಸರನ್ನು ಕಟ್ಟಿದರು. ಒಂದು ಸ್ವರದ ವ್ಯತ್ಯಾಸ, ಅಷ್ಟೇ. ಆದರೆ ಒಂದು ಕಂಪ್ಯೂಟರ್ ಚಿಪ್‌ನೊಳಗಿನದು, ಇನ್ನೊಂದು ಬೇಸಿನ್ನಿನ ಅಂಚಿನದು.

ಈಗ ನಿಜವಾದ ತೊಡಕು, ಕ್ರಿಯಾಪದ.

ನಮ್ಮಲ್ಲಿ ಒದ್ದೆಯದನ್ನು ಒಂದು ಮೈಗೆ ತಾಗಿಸುವ ಪದಗಳಿಗೆ ಬರವಿಲ್ಲ. ಹಚ್ಚು, ಬಳಿ, ಸವರು, ಲೇಪಿಸು, ಮೆತ್ತು, ತೊಡೆ. ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ. ಸುಣ್ಣ ಬಳಿಯುತ್ತೇವೆ, ಎಣ್ಣೆ ಸವರುತ್ತೇವೆ. ಎಲ್ಲವೂ ಅಗಲದ ಪದಗಳು, ಮೈತುಂಬ ಹರಡುವ ಕೆಲಸಗಳು. ಸಿಲಿಕೋನ್ ಹಾಕುವುದೋ ಉದ್ದದ ಕೆಲಸ. ಸಿಲಿಕೋನಿನ ಟ್ಯೂಬನ್ನು ಕೂರಿಸಿ ಒತ್ತುವ ಗನ್ನಿನ ಮೂತಿಯಿಂದ ಒಂದೇ ದಪ್ಪದ ಒಂದೇ ಗೆರೆ ಸಂದಿನ ಉದ್ದಕ್ಕೂ ಬೀಳಬೇಕು. ಆಚೀಚೆ ಹರಡಿದ್ದೆಲ್ಲ ವ್ಯರ್ಥ, ಕೊಳೆ ಹಿಡಿಯುವ ಜಾಗ. 'ತುಂಬು' ಎಂದರೆ ಆಳದ ಪದವಾಯಿತು. ಸಂದು ತುಂಬ ಅಗಲವಿದ್ದಾಗ ಮೊದಲು ನೊರೆರಬ್ಬರಿನ ಹಗ್ಗವನ್ನು ಒಳಗೆ ತೂರಿಸಿ ಆಮೇಲೆ ಮೇಲೆ ಸಿಲಿಕೋನ್ ಹಾಕುತ್ತಾರೆ; ತುಂಬು ಎಂದು ಓದಿದವರು ಅರ್ಧ ಟ್ಯೂಬನ್ನು ಆ ಬಾಯಿಗೇ ಸುರಿಯುತ್ತಾರೆ. ಸಂದು ಮುಚ್ಚುವುದಕ್ಕೆ ಇಂಗ್ಲಿಷಿನವರು ಬಳಸುವ 'ಕಾಕ್' (caulk) ಪದ ಲ್ಯಾಟಿನ್ನಿನ 'ತುಳಿ' ಎಂಬ ಅರ್ಥದ ಪದದಿಂದ ಬಂದದ್ದು, ಮರದ ಹಡಗಿನ ಹಲಗೆಗಳ ನಡುವೆ ನಾರನ್ನು ಜಡಿದು ರಾಳ ಹಾಕುತ್ತಿದ್ದ ಕಾಲದ್ದು. ಅದನ್ನು ಹಿಂಬಾಲಿಸಿದರೆ ನಮಗೆ ಸಿಗುವುದು 'ಗಿಡಿ', 'ತುರುಕು'. ಮೃದುವಾದ ಸಿಲಿಕೋನಿಗೆ ಅವೂ ಒಗ್ಗುವುದಿಲ್ಲ.

ಉದ್ದಕ್ಕೆ ಕನ್ನಡದಲ್ಲಿ ಇರುವ ಕ್ರಿಯೆ 'ಎಳೆ'. ಗೆರೆ ಎಳೆ. ಗನ್ನಿನಿಂದ ಬೀಳುವ ಆ ಗೆರೆಗೂ 'ಎಳೆ' ಎಂಬ ನಾಮಪದವೇ ಸಾಕು: ನೂಲಿನ ಎಳೆ, ಸಿಲಿಕೋನಿನ ಎಳೆ. ಇಂಗ್ಲಿಷಿನಲ್ಲಿ ಇದಕ್ಕೆ 'ಬೀಡ್' ಎನ್ನುವುದರಿಂದ, ಯಂತ್ರಾನುವಾದದ ಒಂದು ಸೂಚನಾಪತ್ರದಲ್ಲಿ 'ಬೇಸಿನ್ನಿನ ಸುತ್ತ ನಿರಂತರ ಮಣಿಯನ್ನು ಇರಿಸಿ' ಎಂದು ಓದಿದ್ದೇನೆ. ಪೋಣಿಸಿ ಎನ್ನಲಿಲ್ಲವಲ್ಲ, ಪುಣ್ಯ.

'ಎಳೆ'ಗೆ ಒಂದು ಆಕ್ಷೇಪ ಬರಬಹುದು. ಗನ್ನನ್ನು ತನ್ನತ್ತ ಎಳೆಯುತ್ತ ಹೋಗಬೇಕೋ ಮುಂದಕ್ಕೆ ತಳ್ಳುತ್ತ ಹೋಗಬೇಕೋ ಎಂಬುದರಲ್ಲಿ ಕೆಲಸಗಾರರಲ್ಲೇ ಎರಡು ಪಂಗಡ. ತಳ್ಳಿದರೆ ಸಿಲಿಕೋನ್ ಸಂದಿನೊಳಕ್ಕೆ ಚೆನ್ನಾಗಿ ಕೂರುತ್ತದೆ ಎನ್ನುವುದು ಒಂದು ವಾದ, ಎಳೆದರೆ ಗೆರೆ ನೇರ ಬರುತ್ತದೆ ಎನ್ನುವುದು ಇನ್ನೊಂದು. ಬಯಲಿನ ಅಂಚಿನಲ್ಲಿ ಈ ಜಗಳ ನಡೆಯಲಿ. ನಲ್ಲಿಯ ಹಿಂದೆ ಮಾತ್ರ ಎಳೆಯುವುದೇ ದಾರಿ. ಅಲ್ಲಿ ಗನ್ನಿನ ಮೈ ಒಳಗೆ ಹೋಗುವುದಿಲ್ಲ. ನಾನು ಮಾಡಿದ್ದು ಇಷ್ಟು: ಸೂಜಿ ತೆಗೆದ ದಪ್ಪ ಸಿರಿಂಜಿನ ಹಿಡಿಯನ್ನು ಹಿಂದಕ್ಕೆ ಕಿತ್ತು, ಅದರೊಳಗೆ ಗನ್ನಿನಿಂದ ಸಿಲಿಕೋನ್ ತುಂಬಿ, ಹಿಡಿಯನ್ನು ಮತ್ತೆ ಹಾಕಿದೆ. ಸಿರಿಂಜಿನ ತುದಿಗೆ ತುಂಡು ಮಾಡಿದ ಮೆತು ಕೊಳವೆ. ಗೋಡೆಗೆ ಒಂದು ಸಣ್ಣ ಕನ್ನಡಿ ಆನಿಸಿದೆ, ಏಕೆಂದರೆ ಆ ಜಾಗ ನೇರವಾಗಿ ಕಣ್ಣಿಗೂ ಸಿಗುವುದಿಲ್ಲ. ಕೊಳವೆಯ ತುದಿಯನ್ನು ದೂರದ ಮೂಲೆಗೆ ತಲುಪಿಸಿ, ಒತ್ತುತ್ತ ಒತ್ತುತ್ತ ಹಿಂದಕ್ಕೆ ಎಳೆದೆ. ಕನ್ನಡಿಯಲ್ಲಿ ಕೈ ಎಡಕ್ಕೆ ಹೋದರೆ ಎಳೆ ಯಾವ ಕಡೆಗೆ ಹೋಗುತ್ತಿದೆ ಎಂದು ತಿಳಿಯದೆ ಮೊದಲ ಸಲ ಗೋಡೆಗೆ ಒಂದು ಮೀಸೆ ಬರೆದದ್ದೂ ಉಂಟು.

ಮೀಸೆ ಎಂದಾಗ ಮುಂದಿನ ಪದ ತಾನಾಗಿ ಬಂತು. ಎಳೆ ಬಿದ್ದ ಮೇಲೆ ಅದನ್ನು ಒಂದೇ ಸಲಕ್ಕೆ ನಯವಾಗಿ, ಸ್ವಲ್ಪ ಒಳಬಾಗಿದಂತೆ ಮಾಡಬೇಕು. ಸಾಬೂನು ನೀರಿನಲ್ಲಿ ಅದ್ದಿದ ಬೆರಳು, ಬೆರಳು ಹೋಗದ ಕಡೆ ತುದಿ ಉರುಟಾದ ಐಸ್‌ಕ್ಯಾಂಡಿ ಕಡ್ಡಿ. ಇದಕ್ಕೆ ಏನನ್ನೋಣ? ಒರೆಸು ಎಂದರೆ ತೆಗೆದುಬಿಡುತ್ತಾರೆ. ಉಜ್ಜು ಎಂದರೆ ಹತ್ತು ಸಲ ಉಜ್ಜುತ್ತಾರೆ. ಒಂದಕ್ಕಿಂತ ಹೆಚ್ಚು ಸಲ ಮುಟ್ಟಿದಷ್ಟೂ ಕೆಡುವ ಕೆಲಸವಿದು. ನೇವರಿಸು ಎಂದರೆ ಒತ್ತಡವೇ ಇಲ್ಲ. ನನ್ನ ಮತ 'ತೀಡು' ಪದಕ್ಕೆ. ಮೀಸೆ ತೀಡುತ್ತೇವೆ, ಹುಬ್ಬು ತೀಡುತ್ತೇವೆ. ಉದ್ದವಾದ, ಕಿರಿದಾದ ಒಂದಕ್ಕೆ ಬೆರಳ ತುದಿಯಿಂದ ಒಂದೇ ದಿಕ್ಕಿನಲ್ಲಿ ಆಕಾರ ಕೊಡುವ ಕ್ರಿಯೆ. 'ತಿದ್ದಿ ತೀಡು' ಎಂಬಲ್ಲಿ ಅದು ಕೆಲಸದ ಕೊನೆಯ ನಯಗಾರಿಕೆಯೂ ಹೌದು. ತಮ್ಮನಿಗೆ ಎರಡನೆಯ ಕರಡು ಕೊಟ್ಟಾಗ 'ಎಳೆದು, ಒದ್ದೆ ಬೆರಳಿನಿಂದ ಒಮ್ಮೆ ತೀಡಿ' ಎಂದು ಬರೆದಿದ್ದೆ. ಅವನು ಪ್ರಶ್ನೆ ಕೇಳಲಿಲ್ಲ. ಬೆರಳು ಮೂಲೆಯಿಂದ ಹೊರಟು ನಿಲ್ಲದೆ ಈಚೆಯ ತುದಿಗೆ ಬಂತು.

(ಪದದ ಹೊರಗಿನ ಎರಡು ಮಾತು, ಯಾರಾದರೂ ಇದನ್ನು ಓದಿ ಕೆಲಸಕ್ಕೆ ಇಳಿದರೆ ಎಂದು: ಸಾಬೂನು ನೀರು ಎಳೆ ಬಿದ್ದ ಮೇಲೆಯೇ. ಮೊದಲೇ ಸಂದಿಗೆ ತಾಗಿದರೆ ಸಿಲಿಕೋನ್ ಹಿಡಿಯುವುದಿಲ್ಲ. ಇಕ್ಕೆಲಕ್ಕೂ ಅಂಟಿಸಿದ ಕಾಗದದ ಟೇಪನ್ನು ತೀಡಿದ ಕೂಡಲೇ ಕೀಳಬೇಕು. ಬೇಸಿನ್ನಿನ ಹಲಗೆ ಅಮೃತಶಿಲೆಯದಾದರೆ ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಅದು ಬಿಡುವ ಅಸಿಟಿಕ್ ಆಮ್ಲ ಕಲ್ಲನ್ನು ತಿನ್ನುತ್ತದೆ. ಆಮ್ಲ ಬಿಡದ ಬಗೆಯದನ್ನು ಕೇಳಿ ತನ್ನಿ.)

'ಟೇಪನ್ನು ಕೂಡಲೇ' ಎಂದರೆ ಯಾವಾಗ? ಮೇಲೆ ತೆಳುಪೊರೆ ಕಟ್ಟುವ ಮೊದಲು. ಇದಕ್ಕೆ ಪದ ಹುಡುಕುವ ಶ್ರಮವೇ ಬೀಳಲಿಲ್ಲ, 'ಕೆನೆಕಟ್ಟುವ ಮೊದಲು' ಎಂದು ಬರೆದೆ. ಕೆಲವು ನಿಮಿಷಗಳಲ್ಲೇ ಕೆನೆಕಟ್ಟುತ್ತದೆ, ಎಷ್ಟು ನಿಮಿಷ ಎಂದು ಟ್ಯೂಬಿನ ಮೇಲೆ ಬರೆದಿರುತ್ತದೆ. ಕೆನೆಯ ಮೇಲೆ ಬೆರಳಾಡಿಸಿದರೆ ಏನಾಗುತ್ತದೆ ಎಂದು ಯಾರಿಗೂ ವಿವರಿಸಬೇಕಿಲ್ಲ.

ಆದರೆ ಅದರ ಮುಂದಿನ ಹಂತಕ್ಕೆ ಪದ ತಡವರಿಸುತ್ತಿದೆ. 'ಒಂದು ದಿನ ಒಣಗಲು ಬಿಡಿ' ಎಂದು ಎಲ್ಲರೂ ಬರೆಯುತ್ತಾರೆ. ಒಣಗುವುದು ಎಂದರೆ ನೀರು ಬಿಟ್ಟುಕೊಡುವುದು. ಇದು ನೀರಿನ ಅಂಶವನ್ನು ಗಾಳಿಯಿಂದ ತೆಗೆದುಕೊಂಡು ಗಟ್ಟಿಯಾಗುತ್ತದೆ, ಹೊರಗಿನಿಂದ ಒಳಕ್ಕೆ, ದಿನಕ್ಕೆ ಎರಡು ಮೂರು ಮಿಲಿಮೀಟರಿನಂತೆ. ಒಣಗಿಸಬೇಕೆಂದು ಓದಿದವರು ಕೂದಲೊಣಗಿಸುವ ಯಂತ್ರವನ್ನು ಹಿಡಿದು ನಿಲ್ಲುತ್ತಾರೆ. ಕೆನೆ ಗಟ್ಟಿಯಾಗುತ್ತದೆ, ಒಳಗೆ ಹಸಿಯೇ ಉಳಿಯುತ್ತದೆ. 'ಆರಲು ಬಿಡಿ' ಎಂದರೂ ಅದೇ ದಾರಿ ತಪ್ಪಿಸುವ ಮಾತು. ಕಾಯಿ ಬಲಿಯುತ್ತದೆ, ಮೂಳೆ ಬಲಿಯುತ್ತದೆ ಎನ್ನುವ 'ಬಲಿ' ಕ್ರಿಯಾಪದ ನನಗೆ ಹಿಡಿಸಿದೆ: 'ಬಲಿಯಲು 24 ಗಂಟೆ ಬಿಡಿ, ಅಲ್ಲಿಯವರೆಗೆ ನೀರು ಸೋಕಿಸಬೇಡಿ.' ಎಳೆಯದು ಬಲಿಯುವುದು ಎಂಬ ಶ್ಲೇಷೆ ಪುಕ್ಕಟೆ. ಆದರೆ ಓದುವವರಿಗೆ ಕುರಿ ನೆನಪಾದೀತೆಂಬ ಅಳುಕೂ ಇದೆ.

ಕೊನೆಯದು ಅಧ್ಯಾಯದ ಶೀರ್ಷಿಕೆ. 'ಕೈ ಎಟುಕದ ಜಾಗಗಳಲ್ಲಿ ಸಿಲಿಕೋನ್' ಎಂದಿಟ್ಟಿದ್ದೆ. ಎಟುಕದ್ದು, ನಿಲುಕದ್ದು ಎಂದರೆ ದೂರದ್ದು, ಎತ್ತರದ್ದು. ಅಟ್ಟದ ಮೇಲಿನ ಡಬ್ಬಿ ಎಟುಕುವುದಿಲ್ಲ. ನಲ್ಲಿಯ ಹಿಂಬದಿ ಮೂಗಿನ ಕೆಳಗೇ ಇದೆ, ಬೆರಳ ತುದಿ ತಾಗುತ್ತದೆ. ಇಲ್ಲದಿರುವುದು ಕೈ ಹೊರಳಿಸುವಷ್ಟು ಜಾಗ. 'ಕೈಯಾಡದ' ಎಂಬುದು ಅದಕ್ಕೆ ಹತ್ತಿರ ಬರುತ್ತದೆ, ಮೈ ತುರಿಸಿಕೊಳ್ಳಲೂ ಕೈಯಾಡದ ಬಸ್ಸಿನಲ್ಲಿ ನಿಂತವರಿಗೆಲ್ಲ ಗೊತ್ತಿರುವ ಅರ್ಥದಲ್ಲಿ. 'ಕೈ ತೂರದ' ಇನ್ನೊಂದು, ಆದರೆ ಅದರಲ್ಲಿ ಕೈ ಬಾಗಿಲಲ್ಲೇ ನಿಂತುಬಿಡುತ್ತದೆ. ಒಳಗೆ ಹೋದ ಮೇಲಿನ ಪೇಚಾಟ ಬರುವುದಿಲ್ಲ.

ಬಲ್ಲವರಲ್ಲಿ ಕೇಳುವುದಿಷ್ಟು. 'ಬಲಿ'ಯನ್ನು ಈ ಅರ್ಥದಲ್ಲಿ ಕಾಯಿ, ಮೂಳೆ, ಮರಗಳಾಚೆಗೆ, ಗಾರೆಗೋ ಮಡಕೆಗೋ ಬಳಸಿದ್ದನ್ನು ನೀವು ಕೇಳಿದ್ದೀರಾ? ಗಾರೆ ಕೆಲಸದವರು, ಬಡಗಿಗಳು ಸಂದನ್ನು ನಯಮಾಡುವುದಕ್ಕೆ 'ತೀಡು' ಅಲ್ಲದೆ ಬೇರೆ ಪದ ಆಡುತ್ತಾರೆಯೇ? ಮತ್ತು ಗನ್ ಒತ್ತುವುದನ್ನು ನಿಲ್ಲಿಸಿದ ಮೇಲೂ ಮೂತಿಯಿಂದ ಹುಳುವಿನಂತೆ ತಾನಾಗಿ ಇಣುಕುತ್ತ ಹೊರಬರುವ ಸಿಲಿಕೋನಿಗೆ, ಗನ್ನಿನ ಹಿಂಬದಿಯ, ಒತ್ತಡ ಬಿಡಿಸುವ ಸನ್ನೆಕೀಲನ್ನು ಒತ್ತುವಷ್ಟರಲ್ಲಿ ಬೇಸಿನ್ನಿನ ಮೇಲೆ ಬಿದ್ದೇಬಿಡುವ ಆ ಬಾಲಕ್ಕೆ, ಯಾರ ಬಾಯಲ್ಲಾದರೂ ಒಂದು ಹೆಸರಿದ್ದರೆ ದಯವಿಟ್ಟು ತಿಳಿಸಿ. ತಮ್ಮ 'ಜೊಲ್ಲು' ಎನ್ನುತ್ತಾನೆ. ಸದ್ಯಕ್ಕೆ ಕರಡಿನಲ್ಲಿ ಅದೇ ಇದೆ.