ಅಣ್ಣನಿಗೆ ಅಂಗವಿಕಲ ಮಾಸಾಶನ: ನಾಡಕಚೇರಿಗೆ ಹೋಗುವ ಮೊದಲು ಏನೇನು ಸಿದ್ಧಪಡಿಸಿಕೊಳ್ಳಬೇಕು?

ಬ್ರಹ್ಮಾವರದ ತಂಗಿ:

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳ ಹಿಂದೆ ಮಳೆಗಾಲದಲ್ಲಿ ಮದ್ದು ಬಿಡಲು ಅಡಿಕೆ ಮರ ಹತ್ತಿದ್ದ ನನ್ನ ಅಣ್ಣ ಜಾರಿ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದಾನೆ. ಮನೆಯಲ್ಲಿರುವುದು ಅಮ್ಮ, ಅಣ್ಣ ಮತ್ತು ನಾನು. ನಾನು ಗೇರುಬೀಜದ ಕಾರ್ಖಾನೆಗೆ ಹೋಗುವವಳಾದ್ದರಿಂದ ಒಂದು ದಿನ ರಜೆ ಹಾಕಿದರೆ ಆ ದಿನದ ಸಂಬಳ ಇಲ್ಲ. ಹಾಗಾಗಿ ಒಂದೇ ಕೆಲಸಕ್ಕೆ ನಾಲ್ಕು ಸಲ ಅಲೆಯುವ ಸ್ಥಿತಿಯಲ್ಲಿ ನಾವಿಲ್ಲ. ಊರಿನ ಒಬ್ಬರು ಹಣ ಕೊಟ್ಟರೆ ಎಲ್ಲವನ್ನೂ ತಾವೇ ಮಾಡಿಸಿಕೊಡುವುದಾಗಿ ಹೇಳುತ್ತಿದ್ದಾರೆ. ಅದನ್ನು ನಂಬಬಹುದೇ? ಮೊದಲು ಎಲ್ಲಿಗೆ ಹೋಗಬೇಕು, ಯಾವ ಕಾಗದಗಳು ಬೇಕು, ಅಣ್ಣನನ್ನು ಎತ್ತಿಕೊಂಡು ಎಷ್ಟು ಕಡೆ ಹೋಗಬೇಕಾದೀತು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ನಿವೃತ್ತ ಗ್ರಾಮಕರಣಿಕ:

ಮೊದಲನೆಯದಾಗಿ, ಹಣ ಕೇಳುವವರನ್ನು ದೂರವಿಡಿ. ಅವರು ಮಾಡುವ ಯಾವ ಕೆಲಸವೂ ನಿಮ್ಮಿಂದ ಆಗದ್ದಲ್ಲ.

ಇದರಲ್ಲಿ ಎರಡು ಹಂತಗಳಿವೆ. ಇವೆರಡನ್ನೂ ಒಂದೇ ಎಂದು ತಿಳಿದು ನೇರವಾಗಿ ನಾಡಕಚೇರಿಗೆ ಬಂದು ಬರಿಗೈಯಲ್ಲಿ ಮರಳಿದವರನ್ನು ನನ್ನ ಸೇವಾವಧಿಯಲ್ಲಿ ಬಹಳ ಮಂದಿಯನ್ನು ಕಂಡಿದ್ದೇನೆ. ಮೊದಲು ಆಗಬೇಕಾದದ್ದು ಯುಡಿಐಡಿ ಕಾರ್ಡ್, ಅಂದರೆ ವೈಕಲ್ಯದ ಪ್ರಮಾಣ ನಮೂದಾಗಿರುವ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ. ಅದಕ್ಕೆ ಸ್ವಾವಲಂಬನ್ ಜಾಲತಾಣದಲ್ಲಿ ಆಧಾರ್, ಭಾವಚಿತ್ರ ಮತ್ತು ಚಿಕಿತ್ಸೆಯ ದಾಖಲೆಗಳೊಂದಿಗೆ ಅರ್ಜಿ ಹಾಕಿ, ಸರಕಾರಿ ಆಸ್ಪತ್ರೆಯ ತಪಾಸಣೆಗೆ ಹಾಜರಾಗಬೇಕು. ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಮಂಗಳೂರಿನವರಿಗೆ ವೆನ್ಲಾಕ್. ಕಾರ್ಡ್ ಕೈಗೆ ಬಂದ ಮೇಲೆ ಆದಾಯ ಪ್ರಮಾಣಪತ್ರ, ಪಡಿತರ ಚೀಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮತ್ತು ಭಾವಚಿತ್ರಗಳನ್ನು ಸೇರಿಸಿ ನಿಮ್ಮ ಹೋಬಳಿಯ ನಾಡಕಚೇರಿಯಲ್ಲಿ ಮಾಸಾಶನದ ಅರ್ಜಿ ಕೊಡಬೇಕು.

ಮಾಸಾಶನಕ್ಕೆ ಕನಿಷ್ಠ ಶೇಕಡಾ 40ರಷ್ಟು ವೈಕಲ್ಯ ಇರಬೇಕು. 40ರಿಂದ 74ರವರೆಗೆ ತಿಂಗಳಿಗೆ 800 ರೂಪಾಯಿ, 75 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1400 ರೂಪಾಯಿ. ಇಲ್ಲಿ ಒಂದು ಗೊಂದಲವಿದೆ. ಕಾರ್ಡಿನ ಬಣ್ಣ ಬದಲಾಗುವುದು 80ರಲ್ಲಿ, ಮಾಸಾಶನದ ಮೊತ್ತ ಬದಲಾಗುವುದು 75ರಲ್ಲಿ. ಆದ್ದರಿಂದ 77 ಎಂದು ನಮೂದಾದವರಿಗೆ ನೀಲಿಯಲ್ಲ, ಹಳದಿ ಬಣ್ಣದ ಕಾರ್ಡ್ ಬರುತ್ತದೆ. ಆದರೆ ಅವರು 1400 ರೂಪಾಯಿಗೇ ಅರ್ಹರು. ಬಣ್ಣ ನೋಡಿ ಯಾರಾದರೂ ಕಡಿಮೆ ಹೇಳಿದರೆ ಸುಮ್ಮನೆ ಬರಬೇಡಿ.

ನಮ್ಮ ಕರಾವಳಿಯ ಅರ್ಜಿಗಳು ಹೆಚ್ಚಾಗಿ ತಡೆದು ನಿಲ್ಲುವುದು ಹೆಸರಿನಲ್ಲಿ. ಆಧಾರಿನಲ್ಲಿ ಹೆಸರಿನ ಮುಂದೆ ಪೂಜಾರಿ ಎಂದೋ ಶೆಟ್ಟಿ ಎಂದೋ ಇರುತ್ತದೆ, ಪಡಿತರ ಚೀಟಿಯಲ್ಲಿ ಬರೀ ಹೆಸರು, ಆಸ್ಪತ್ರೆಯ ಚೀಟಿಯಲ್ಲಿ ಮನೆಯವರು ಕರೆಯುವ ಹೆಸರು. ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಒಂದೊಂದು ಅಕ್ಷರವನ್ನೂ ಆಧಾರಿಗೆ ಹೋಲಿಸಿ ನೋಡಿ, ವ್ಯತ್ಯಾಸವಿದ್ದರೆ ಮೊದಲೇ ಸರಿಪಡಿಸಿಕೊಳ್ಳಿ. ಪಾಸ್‌ಬುಕ್ಕನ್ನೂ ಪರಿಶೀಲಿಸಿ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಂದಿಗೆ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಕ್ರಮವಾಗಿ ಕೆನರಾ ಹಾಗೂ ಯೂನಿಯನ್ ಬ್ಯಾಂಕುಗಳೊಂದಿಗೆ ವಿಲೀನವಾದರೂ ಹಳೆಯ ಪಾಸ್‌ಬುಕ್ಕನ್ನೇ ಇಟ್ಟುಕೊಂಡ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಖಾತೆ ಚಾಲ್ತಿಯಲ್ಲಿರಬೇಕು ಮತ್ತು ಆಧಾರಿಗೆ ಜೋಡಣೆಯಾಗಿರಬೇಕು. ಇಲ್ಲವಾದರೆ ಮಂಜೂರಾತಿ ಆದೇಶ ಬಂದರೂ ಹಣ ಬಾರದು.

ಗುರುಪುರ ನಿವಾಸಿ:

ಮೇಲಿನವರು ಕಾಗದಪತ್ರಗಳ ವಿಷಯವನ್ನು ಸರಿಯಾಗಿ ಹೇಳಿದ್ದಾರೆ. ನಾನು ಹೇಳಬೇಕಾಗಿರುವುದು ವೈದ್ಯರ ಮುಂದೆ ಕುಳಿತುಕೊಳ್ಳುವ ಹತ್ತು ನಿಮಿಷದ ಬಗ್ಗೆ.

ನನ್ನ ತಂದೆಯವರಿಗೆ ಪಾರ್ಶ್ವವಾಯು ಆಗಿ ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು. ತಪಾಸಣೆಯ ದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನೇ ಬೇಕೆಂದು ಹಾಕಿಸಿಕೊಂಡರು. ಅದರ ಗುಂಡಿಗಳನ್ನು ಹಾಕಿದವಳು ನನ್ನ ಅಮ್ಮ. ವೈದ್ಯರು ಬಟ್ಟೆ ಹಾಕಿಕೊಳ್ಳಲು, ಊಟ ಮಾಡಲು ಕಷ್ಟವಾಗುತ್ತದೆಯೇ ಎಂದು ಕೇಳಿದಾಗ ತಂದೆಯವರು, "ದಾಲಾ ತೊಂದರೆ ಇಜ್ಜಿ, ಎನ್ನ ಕೆಲಸ ಯಾನೇ ಮಲ್ಪುವೆ" (ಏನೂ ತೊಂದರೆ ಇಲ್ಲ, ನನ್ನ ಕೆಲಸ ನಾನೇ ಮಾಡಿಕೊಳ್ಳುತ್ತೇನೆ) ಎಂದು ತುಳುವಿನಲ್ಲಿ ಹೇಳಿಬಿಟ್ಟರು. ಅಪರಿಚಿತರ ಮುಂದೆ ಅಮ್ಮ ಸ್ನಾನ ಮಾಡಿಸುತ್ತಾಳೆ ಎಂದು ಹೇಳಲು ಅವರಿಗೆ ಮನಸ್ಸು ಬರಲಿಲ್ಲ. ಅವರ ಮಾತು ಹಾಗೆಯೇ ದಾಖಲಾಯಿತು. ಪ್ರಮಾಣಪತ್ರ ಬಂದಾಗ ಅದರಲ್ಲಿ ವೈಕಲ್ಯ ಶೇಕಡಾ 60 ಎಂದಿತ್ತು. ಮರುಪರಿಶೀಲನೆ ಕೋರಿ ಸರಿಪಡಿಸಿಕೊಳ್ಳಲು ನಮಗೆ ಏಳು ತಿಂಗಳು ಬೇಕಾಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 59ನೆಯ ಕಲಮಿನಲ್ಲಿ ಇಂತಹ ಮೇಲ್ಮನವಿಗೆ ಅವಕಾಶವಿದೆ, ಆದರೆ ಆ ದಾರಿ ಹಿಡಿಯುವ ಹಾಗೆ ಆಗದಿರುವುದೇ ಒಳ್ಳೆಯದು.

ಆದ್ದರಿಂದ ಈಗಿನಿಂದಲೇ ಒಂದು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ಹಾಸಿಗೆಯಿಂದ ಗಾಲಿಕುರ್ಚಿಗೆ ಬರಲು ಎಷ್ಟು ಜನ ಬೇಕು, ಮೂತ್ರದ ನಳಿಕೆ ಬದಲಿಸುವವರು ಯಾರು, ರಾತ್ರಿ ಎಷ್ಟು ಸಲ ಮಗ್ಗುಲು ತಿರುಗಿಸಬೇಕು, ಬೆನ್ನಿನಲ್ಲಿ ಹುಣ್ಣು ಆಗಿತ್ತೇ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಒಂದು ಮಾತನ್ನೂ ಹೆಚ್ಚಿಸಬೇಡಿ, ಕಡಿಮೆಯೂ ಮಾಡಬೇಡಿ. ಡಿಸ್ಚಾರ್ಜ್ ಸಮ್ಮರಿ ಮತ್ತು ಎಂಆರ್‌ಐ ವರದಿಯ ಜೊತೆಗೆ ಅದನ್ನೂ ಕೊಂಡೊಯ್ಯಿರಿ. ಅಣ್ಣನೊಂದಿಗೆ ಈ ವಿಷಯವನ್ನು ಮೊದಲೇ ಮಾತನಾಡಿಕೊಳ್ಳುವುದು ಬಹಳ ಮುಖ್ಯ, ಏಕೆಂದರೆ ಮೂವತ್ತೋ ನಲವತ್ತೋ ವಯಸ್ಸಿನ ಗಂಡಸಿಗೆ ಇದನ್ನು ತಂಗಿಯ ಎದುರು ಹೇಳುವುದು ಸುಲಭವಲ್ಲ.

ಬ್ರಹ್ಮಾವರದ ತಂಗಿ:

ಇಬ್ಬರಿಗೂ ಧನ್ಯವಾದಗಳು. ನಿಮ್ಮ ತಂದೆಯವರ ಮಾತನ್ನು ಅಣ್ಣನಿಗೆ ಓದಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಪುಸ್ತಕವನ್ನು ತಾನೇ ಬರೆಯುವುದಾಗಿ ಹೇಳಿದ. ಪಾಸ್‌ಬುಕ್ ತೆಗೆದು ನೋಡಿದರೆ ಸಿಂಡಿಕೇಟ್ ಬ್ಯಾಂಕಿನದೇ ಇದೆ. ನಾಡಕಚೇರಿಗೂ ಅಣ್ಣನನ್ನು ಕರೆದೊಯ್ಯಬೇಕೇ?

ನಿವೃತ್ತ ಗ್ರಾಮಕರಣಿಕ:

ಅರ್ಜಿಯನ್ನು ನೀವೇ ಕೊಡಬಹುದು. ತಪಾಸಣೆಗೆ ಮಾತ್ರ ಅವರು ಹಾಜರಿರಲೇಬೇಕು. ನಿಮ್ಮ ಗ್ರಾಮ ಪಂಚಾಯತಿಯಲ್ಲಿ ವಿಕಲಚೇತನರಿಗಾಗಿಯೇ ನೇಮಕವಾದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಹೋಗುವ ಮೊದಲು ಅವರನ್ನು ಕಂಡು ತಪಾಸಣೆಯ ದಿನ ಯಾವುದು, ಹತ್ತಿರದಲ್ಲಿ ಶಿಬಿರ ಇದೆಯೇ ಎಂದು ವಿಚಾರಿಸಿದರೆ ಒಂದು ಪ್ರಯಾಣವಾದರೂ ಉಳಿಯುತ್ತದೆ. ಅರ್ಜಿ ಕೊಟ್ಟ ಕೂಡಲೇ ಸಕಾಲ (ನಿಗದಿತ ಅವಧಿಯೊಳಗೆ ಸರಕಾರಿ ಸೇವೆ ಕೊಡುವ ವ್ಯವಸ್ಥೆ) ಸಂಖ್ಯೆ ಇರುವ ಸ್ವೀಕೃತಿ ಪತ್ರ ಕೇಳಿ ಪಡೆಯಿರಿ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳದೆ ಹಿಂಬರಹ, ಅಂದರೆ ಲಿಖಿತ ಉತ್ತರ, ಕೊಡುವಂತೆ ಕೇಳಿ. ಬ್ಯಾಂಕಿನ ಕೆಲಸವನ್ನು ಈ ವಾರವೇ ಮುಗಿಸಿಬಿಡಿ.