ಮದ್ರಾಸ್ ಸರಕಾರದ ತೊಗಲು ಕಾರ್ಖಾನೆ, ಮುಂಬಯಿಯ ಶಾಲಾ ಪಟ್ಟಿ: ಬ್ರಿಟಿಷರ ಕಾಲದ ‘ನೆರವು’ ನಡೆಯುತ್ತಿದ್ದದ್ದು ಹೇಗೆ?

ಹಳೇಕಡತ (ಪ್ರಶ್ನೆ)

ಬ್ರಿಟಿಷ್ ಸರಕಾರ ಇಲ್ಲಿನ ಕೈಗಾರಿಕೆಗೆ ಬಿಡಿಗಾಸೂ ಕೊಡಲಿಲ್ಲ ಅನ್ನುವುದು ಎಲ್ಲರೂ ಹೇಳುವ ಮಾತು. ಆದರೆ ಮದ್ರಾಸ್ ಸರಕಾರವೇ 1900ರ ಆಸುಪಾಸಿನಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾಡಿಸಿತ್ತು, ಕ್ರೋಮ್ ತೊಗಲು ಹದಮಾಡುವ ಕಾರ್ಖಾನೆ ನಡೆಸಿತ್ತು. ಆಮೇಲೆ ಎರಡನ್ನೂ ಮಾರಿಬಿಟ್ಟಿತು. ಯಾಕೆ? ನಷ್ಟವಾಯಿತೇ?

ಇನ್ನೊಂದು, ಶಾಲೆಗಳ ಕಡೆಯದು. ‘ಫಲಿತಾಂಶ ನೋಡಿ ಹಣ’ ಎಂಬ ಅನುದಾನದ ಲೆಕ್ಕ ಹೇಗೆ ಹಾಕುತ್ತಿದ್ದರು? ಬಳ್ಳಾರಿ, ಮಂಗಳೂರು ಮದ್ರಾಸಿಗೆ ಸೇರಿದ್ದವು. ಧಾರವಾಡ, ಬೆಳಗಾವಿ ಮುಂಬಯಿಗೆ. ಎರಡೂ ಕಡೆ ಒಂದೇ ನಿಯಮ ಇತ್ತೇ? ಒಳ್ಳೆಯವರೋ ಕೆಟ್ಟವರೋ ಅನ್ನುವ ಜಗಳ ಬೇಡ, ಕೆಲಸ ಹೇಗೆ ನಡೆಯುತ್ತಿತ್ತು ಅಂತ ತಿಳಿದವರು ಹೇಳಿ.

---

ತಂಗಡಿತೊಗಟೆ

ಮೊದಲ ಪ್ರಶ್ನೆಗೆ. ಎರಡರ ಹಿಂದೆಯೂ ಇದ್ದವರು ಆಲ್ಫ್ರೆಡ್ ಚಾಟರ್ಟನ್, ಮದ್ರಾಸಿನ ಎಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕರು. ಅಲ್ಯೂಮಿನಿಯಂ ಕೆಲಸ ಶುರುವಾದದ್ದು 1898ರಲ್ಲಿ, ಮದ್ರಾಸಿನ ಕಲಾಶಾಲೆಯಲ್ಲಿ. ಕಂಚುಗಾರರಿಗೆ ಹೊಸ ಲೋಹ ಕೊಟ್ಟು ಪಾತ್ರೆ ಬಡಿಸಿದರು. ಹಗುರ, ಕಲಾಯಿ ಬೇಡ, ಹಾಗಾಗಿ ಚೆನ್ನಾಗಿಯೇ ಮಾರಾಟವಾಯಿತು. ತೊಡಕು ಬೇರೆ ಕಡೆ ಇತ್ತು. ತೂತು ಬಿದ್ದರೆ ಊರ ಕಂಚುಗಾರ ಬೆಸುಗೆ ಹಾಕಲಾರ, ಹುಣಸೆಹುಳಿ ರಾತ್ರಿಯಿಡೀ ನಿಂತರೆ ಪಾತ್ರೆಯ ಒಳಮೈ ತಿಂದುಹೋಗುತ್ತದೆ, ಲೋಹವೆಲ್ಲ ಹಡಗಿನಲ್ಲೇ ಬರಬೇಕು. ಆದರೂ ಮಾರಿದ್ದು ನಷ್ಟಕ್ಕಲ್ಲ. ದಾರಿ ತೋರಿಸಿದ್ದಾಯಿತು, ಇನ್ನು ಖಾಸಗಿಯವರು ನಡೆಸಲಿ ಎಂದು 1903ರಲ್ಲಿ ಇಂಡಿಯನ್ ಅಲ್ಯೂಮಿನಿಯಂ ಕಂಪನಿಗೆ ಒಪ್ಪಿಸಿದರು.

ತೊಗಲಿನ ಕಥೆ ಇನ್ನೂ ಸ್ವಾರಸ್ಯದ್ದು, ಅದರ ಬೇರು ಕಪಿಲೆ ಬಾವಿಯಲ್ಲಿದೆ. ಎತ್ತು ಎಳೆಯುವ ಕಪಿಲೆಯಲ್ಲಿ ನೀರು ತರುವುದು ತೊಗಲ ಚೀಲ. ಕೆಳಗೆ ಸೊಂಡಿಲು; ಚೀಲ ದಿಬ್ಬಕ್ಕೆ ಬಂದಾಗ ಅದು ಬಿಚ್ಚಿಕೊಂಡು ನೀರು ತೊಟ್ಟಿಗೆ ಸುರಿಯುತ್ತದೆ. ಆ ತೊಗಲನ್ನು ತಂಗಡಿ ತೊಗಟೆಯ ಕಷಾಯದಲ್ಲಿ ಹದಮಾಡುತ್ತಿದ್ದರು, ಕೊನೆಗೆ ಅಳಲೆಕಾಯಿ ಕೊಡುವುದೂ ಇತ್ತು. ತೊಗಟೆಯ ಹದದ ಒಂದು ಭಾಗ ನೀರಿಗೆ ಬಿಟ್ಟುಕೊಡುತ್ತದೆ. ದಿನವಿಡೀ ಬಾವಿಯಲ್ಲಿ ಮುಳುಗಿ ಏಳುವ ಚೀಲದಿಂದ ಆ ಸತ್ವ ತೊಳೆದುಹೋಗಿ ತೊಗಲು ಕೊಳೆಯತೊಡಗುತ್ತದೆ. ರೈತರು ಎಣ್ಣೆ ಸವರಿ ಸವರಿ ಒಂದಷ್ಟು ದಿನ ಎಳೆಯುತ್ತಿದ್ದರು, ಅಷ್ಟೆ.

ಕ್ರೋಮ್ ಹದದಲ್ಲಿ ಹಾಗಾಗದು. ಕ್ರಮ ಸ್ಥೂಲವಾಗಿ ಹೀಗೆ. ತೊಗಲನ್ನು ನೆನೆಸಿ, ಸುಣ್ಣದಲ್ಲಿಟ್ಟು ಕೂದಲು ತೆಗೆದು, ಒಳಬದಿಯ ಮಾಂಸ ಹೆರೆದು, ಸುಣ್ಣ ಪೂರ್ತಿ ಹೋಗುವಂತೆ ತೊಳೆಯಬೇಕು. ಆಮೇಲೆ ಉಪ್ಪು ಮತ್ತು ಗಂಧಕಾಮ್ಲದ ನೀರು. ಉಪ್ಪು ಕಡಿಮೆಯಾದರೆ ಆಮ್ಲಕ್ಕೆ ತೊಗಲು ಊದಿಕೊಂಡು ಹಾಳಾಗುತ್ತದೆ, ಹೊಸಬರು ಎಡವುವುದು ಇಲ್ಲೇ. ಅನಂತರ ಕ್ರೋಮಿಯಂ ಲವಣದ ದ್ರಾವಣ. ಅದು ಒಳಗಿನವರೆಗೂ ಇಳಿದ ಮೇಲೆ ಸೋಡ ಹಾಕಿ ಆಮ್ಲತೆ ಮೆಲ್ಲಗೆ ಇಳಿಸಬೇಕು. ಅವಸರ ಮಾಡಿ ಒಮ್ಮೆಗೇ ಸುರಿದರೆ ಕ್ರೋಮ್ ಮೇಲ್ಮೈಯಲ್ಲೇ ಕೂತು ನಡುವೆ ಹಸಿ ಗೆರೆ ಉಳಿಯುತ್ತದೆ. ಆಗಿದೆಯೋ ಇಲ್ಲವೋ ನೋಡಲು ದಪ್ಪ ಜಾಗದಿಂದ ಒಂದು ಚೂರು ಕತ್ತರಿಸಿ, ಕಾಗದದ ಮೇಲೆ ಅದರ ಅಂಚಿನ ಗುರುತು ಹಾಕಿಕೊಂಡು ಕುದಿಯುವ ನೀರಿಗೆ ಹಾಕಿ. ಎರಡು ಮೂರು ನಿಮಿಷದ ಮೇಲೂ ಗುರುತಿಗೆ ಸರಿಯಾಗಿ ಕೂತರೆ ಹದವಾಗಿದೆ. ತೊಗಟೆ ಹದದ ತೊಗಲಾದರೆ ಅದೇ ನೀರಿನಲ್ಲಿ ಮುದುಡಿ ಗಂಟಾಗುತ್ತದೆ. ಕೊನೆಗೆ ಎಣ್ಣೆ ಉಣಿಸಲೇಬೇಕು, ಬಿಟ್ಟರೆ ಒಣಗಿದಾಗ ಹಲಗೆಯಂತಾಗುತ್ತದೆ.

ಚಾಟರ್ಟನ್ ಈ ಪ್ರಯೋಗ ಶುರುಮಾಡಿದ್ದು 1903ರ ಸುಮಾರಿಗೆ. ಕಪಿಲೆ ಚೀಲ, ಚಪ್ಪಲಿ ಎರಡಕ್ಕೂ ಗಿರಾಕಿಗಳಿದ್ದರು. ನಿಲ್ಲಿಸಿದ್ದು ಲಂಡನ್. 1908ರಲ್ಲಿ ಊಟಿಯಲ್ಲಿ ಕೈಗಾರಿಕಾ ಸಮ್ಮೇಳನ ನಡೆದು ಮದ್ರಾಸಿನಲ್ಲಿ ಕೈಗಾರಿಕಾ ಇಲಾಖೆಯ ಏರ್ಪಾಡಾಯಿತು. ಸರಕಾರವೇ ಅಂಗಡಿ ತೆರೆದರೆ ನಾವೇನು ಮಾಡಬೇಕು ಎಂದು ಐರೋಪ್ಯ ವರ್ತಕರು ಗೊಣಗಿದರು. 1910ರ ಜುಲೈಯಲ್ಲಿ ಬ್ರಿಟನ್ ಸರಕಾರದ ಭಾರತ ಮಂತ್ರಿ ಮಾರ್ಲೆ ಬರೆದ ಆದೇಶದ ತಿರುಳು ಇಷ್ಟೇ: ಕಸುಬು ಕಲಿಸಿ, ವ್ಯಾಪಾರದಂತೆ ಕಾಣುವ ಏನನ್ನೂ ಮಾಡಬೇಡಿ. ತೊಗಲಿನ ಕಾರ್ಖಾನೆ ರೇವಾ ಸಂಸ್ಥಾನದ ಪಾಲಾಯಿತು.

ಒಂದು ಅಡ್ಡಮಾತು. ಕ್ರೋಮ್ ಹದಕ್ಕೆ ಬೇಕಾದ ಬೈಕ್ರೋಮೇಟ್ ಎಂಬ ಲವಣ ಹೊರಗಿನಿಂದ ಬರುತ್ತಿತ್ತು. ಅದರ ಮೂಲವಾದ ಕ್ರೋಮೈಟ್ ಅದಿರೋ ಮೈಸೂರು, ಹಾಸನದ ನೆಲದಿಂದ ಅದಿರಾಗಿಯೇ ಹೊರಹೋಗುತ್ತಿತ್ತು. ಅದನ್ನು ಬೈಕ್ರೋಮೇಟ್ ಮಾಡಲು ಸೋಡ ಬೂದಿಯ ಜೊತೆ ಹುರಿಯಬೇಕು. ಸೋಡ ಬೂದಿಯ ಕಾರ್ಖಾನೆಯೇ ಇರಲಿಲ್ಲ.

---

ಒಂದಾಣೆ

ಶಾಲೆಯ ಲೆಕ್ಕ ನಾನು ಹೇಳುತ್ತೇನೆ. ಎರಡು ಪ್ರಾಂತಗಳ ದಾರಿ ಬೇರೆ ಬೇರೆ.

ಎರಡಕ್ಕೂ ಮೂಲ ಶಿಕ್ಷಣದ ಬಗ್ಗೆ ಲಂಡನ್ನಿನಿಂದ ಬಂದ 1854ರ ವುಡ್ ಆದೇಶ. ಖಾಸಗಿ ಶಾಲೆಗೆ ಅನುದಾನ ಬೇಕಾದರೆ ಒಳ್ಳೆಯ ಲೌಕಿಕ ಶಿಕ್ಷಣ ಕೊಡಬೇಕು, ಜವಾಬ್ದಾರಿ ಹೊರುವ ಸ್ಥಳೀಯ ಆಡಳಿತ ಇರಬೇಕು, ಸರಕಾರಿ ತನಿಖೆಗೆ ಒಪ್ಪಬೇಕು, ಮಕ್ಕಳಿಂದ ಚೂರಾದರೂ ಫೀ ತೆಗೆದುಕೊಳ್ಳಬೇಕು. ಧರ್ಮದ ಪಾಠ ಹೇಳಿದರೆ ಅಡ್ಡಿಯಿಲ್ಲ, ಅದಕ್ಕೆ ಹಣವಿಲ್ಲ.

ಮುಂಬಯಿ ಪ್ರಾಂತ ಹಳ್ಳಿಯ ಪ್ರಾಥಮಿಕ ಶಾಲೆಗಳನ್ನು ಹೆಚ್ಚಾಗಿ ತಾನೇ ನಡೆಸಿತು. ಹಣ ಬಂದದ್ದು 1860ರ ದಶಕದಲ್ಲಿ ಹಾಕಿದ ಲೋಕಲ್ ಫಂಡ್ ಪಟ್ಟಿ ಎಂಬ ತೆರಿಗೆಯಿಂದ. ಕಂದಾಯದ ಒಂದು ರೂಪಾಯಿಗೆ ಒಂದು ಆಣೆ ಹೆಚ್ಚುವರಿ. ಅದರಲ್ಲಿ ಮೂರನೇ ಒಂದು ಪಾಲು ಶಾಲೆಗೆ, ಉಳಿದದ್ದು ರಸ್ತೆ ಮುಂತಾದ್ದಕ್ಕೆ. ಧಾರವಾಡ ಸೀಮೆಯ ರೈತ 16 ರೂಪಾಯಿ ಕಂದಾಯ ಕಟ್ಟಿದರೆ ಪಟ್ಟಿ 1 ರೂಪಾಯಿ, ಶಾಲೆಯ ಪಾಲು 5 ಆಣೆ 4 ಪೈ (ರೂಪಾಯಿಗೆ 16 ಆಣೆ, ಆಣೆಗೆ 12 ಪೈ). ಸರಕಾರದ ಶಾಲೆ ಎಂದು ಬೋರ್ಡು ಇದ್ದರೂ ಒಂದು ದೊಡ್ಡ ಪಾಲು ರೈತನ ಚೀಲದ್ದೇ. ಈ ಭಾಗದಲ್ಲಿ ಮರಾಠಿ ಶಾಲೆಗಳ ಜಾಗದಲ್ಲಿ ಕನ್ನಡ ಶಾಲೆ ಎದ್ದದ್ದರಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥ ಅಧಿಕಾರಿಗಳ ಪಾತ್ರ ಎಲ್ಲರಿಗೂ ಗೊತ್ತು. ಆದರೆ ಆದೇಶ ಕಾಗದದಲ್ಲೇ ಉಳಿಯದಿರಲು ಈ ಆಣೆ ಪೈಯೂ ಕಾರಣ.

ಮದ್ರಾಸು ಹೆಚ್ಚಾಗಿ ಖಾಸಗಿ ಶಾಲೆಗೆ ನೆರವು ಕೊಡುವ ದಾರಿ ಹಿಡಿಯಿತು. ದೊಡ್ಡ ಶಾಲೆಗಳಿಗೆ ಸಂಬಳದ ಅನುದಾನ: ಮೇಷ್ಟರ ಅರ್ಹತೆ ನೋಡಿ ಅವರ ಸಂಬಳದ ಒಂದು ಪಾಲು. ಹಳ್ಳಿ ಶಾಲೆಗಳಿಗೆ ಫಲಿತಾಂಶದ ಅನುದಾನ. ಇನ್ಸ್‌ಪೆಕ್ಟರು ವರ್ಷಕ್ಕೊಮ್ಮೆ ಬಂದು ಒಂದೊಂದೇ ಮಗುವನ್ನು ನಿಲ್ಲಿಸಿ ಓದು, ಬರಹ, ಲೆಕ್ಕ ಪರೀಕ್ಷಿಸುತ್ತಾರೆ. ಪ್ರತಿ ವಿಷಯಕ್ಕೆ, ಪ್ರತಿ ದರ್ಜೆಗೆ ಇಂತಿಷ್ಟು ಎಂದು ದರ. ಪಾಸಾದ ತಲೆ ಎಣಿಸಿ ಗುಣಿಸಿದರೆ ಅನುದಾನ. ಮುಂಬಯಿಯಲ್ಲೂ ಖಾಸಗಿ ಶಾಲೆಗಳಿಗೆ ಇದೇ ಬಗೆಯ ಲೆಕ್ಕ.

ಹದಗೆಟ್ಟದ್ದು ಎಲ್ಲಿ ಎಂದರೆ, ಹಣ ವರ್ಷದ ಒಂದು ದಿನದ ಮೇಲೆ ನಿಂತಿತ್ತು. ಆ ದಿನ ಊರಿನಲ್ಲಿ ಜ್ವರ ಇದ್ದರೆ, ಪರೀಕ್ಷೆ ಕೊಯ್ಲಿನ ಹೊತ್ತಿಗೆ ಬಿದ್ದರೆ, ಮೇಷ್ಟರ ವರ್ಷದ ದುಡಿಮೆ ನೀರುಪಾಲು. ಅದಕ್ಕೇ ಮೇಷ್ಟರು ಪಾಸಾಗುವ ಮಕ್ಕಳನ್ನೇ ತಿದ್ದಿ ತೀಡಿದರು, ಹಿಂದುಳಿದವರನ್ನು ಮೂಲೆಗೆ ಬಿಟ್ಟರು, ಪಾಠದ ಪುಸ್ತಕ ಬಾಯಿಪಾಠ ಮಾಡಿಸಿದರು. ಪುಸ್ತಕ ತಲೆಕೆಳಗಾಗಿದ್ದರೂ ಮಗು ‘ಓದುತ್ತದೆ’. ಇನ್ನೊಂದು ಪೆಟ್ಟು ಬಿದ್ದದ್ದು ಊರವರ ಹಳೆಯ ಶಾಲೆಗಳಾದ ಕೂಲಿಮಠಗಳಿಗೆ. ಅಲ್ಲಿ ಕಲಿಸುವ ಐಗಳಿಗೆ ಸಂಬಳ ಕಾಳಿನ ರೂಪದಲ್ಲಿ, ಅಕ್ಷರ ಮರಳಿನ ಮೇಲೆ, ಮಗ್ಗಿ ಬಾಯಲ್ಲಿ, ಸುಗ್ಗಿಯಲ್ಲಿ ರಜೆ. ಅನುದಾನ ಬೇಕೆಂದರೆ ಹಾಜರಿ ಪುಸ್ತಕ, ವೇಳಾಪಟ್ಟಿ, ಅಚ್ಚಾದ ಪುಸ್ತಕ ಎಲ್ಲ ಇರಬೇಕು. ಇಷ್ಟು ಮಾಡಿಕೊಂಡ ಮಠ ಮಠವಾಗಿ ಉಳಿಯಲಿಲ್ಲ, ಮಾಡಿಕೊಳ್ಳದ್ದಕ್ಕೆ ಹಣ ಬರಲಿಲ್ಲ.

1882ರ ಹಂಟರ್ ಶಿಕ್ಷಣ ಆಯೋಗ ಪ್ರಾಥಮಿಕ ಶಾಲೆಗೆ ಈ ಪದ್ಧತಿಯನ್ನೇ ಎತ್ತಿಹಿಡಿಯಿತು. ಅದನ್ನು ಕೈಬಿಡುವ ತೀರ್ಮಾನ ಬಂದದ್ದು ವೈಸರಾಯ್ ಕರ್ಜನ್ ಕಾಲದಲ್ಲಿ, 1904ರ ಶಿಕ್ಷಣ ನಿರ್ಣಯದೊಂದಿಗೆ.

---

ಗುಂಡಿಮಗ್ಗ

@ತಂಗಡಿತೊಗಟೆ, ಸೇಲಂ ಬಿಟ್ಟಿರಿ. ಅಲ್ಲಿನ ಸರಕಾರಿ ನೇಯ್ಗೆ ಕಾರ್ಖಾನೆಯೂ 1910ರ ಏಟಿಗೇ ಮುಚ್ಚಿದ್ದು, ಆದರೆ ಅದರ ಕಷ್ಟ ಲಂಡನ್ನಿನಿಂದ ಬಂದದ್ದು ಮಾತ್ರವಲ್ಲ. ಹಗ್ಗ ಎಳೆದರೆ ಓಡುವ ಹಾರುಲಾಳಿ ಹಾಕಿದರೆ ಸಾದಾ ಬಟ್ಟೆ ಬೇಗ ನೇಯಬಹುದು, ನಿಜ. ಸೆರಗು, ಅಂಚಿಗೆ ಬೇರೆ ಬಣ್ಣದ ಹೊಕ್ಕು (ಅಡ್ಡ ನೂಲು) ಬೇಕಾದ ಸೀರೆಗೆ ಒಂದಕ್ಕಿಂತ ಹೆಚ್ಚು ಲಾಳಿ ಬೇಕು, ಅಂಚಿನ ಹತ್ತಿರ ನಿಲ್ಲಿಸಿ ಕೊಂಡಿ ಹಾಕಬೇಕು; ಅಲ್ಲಿ ಹಾರುಲಾಳಿಯ ವೇಗ ಕೆಲಸಕ್ಕೆ ಬಾರದು. ಜೊತೆಗೆ ಮನೆಯಲ್ಲಾದರೆ ಹೆಂಗಸರು, ಮಕ್ಕಳು ನೂಲು ಸುತ್ತುತ್ತಾರೆ, ಹಾಸು ನೂಲಿಗೆ ಗಂಜಿ ಹಚ್ಚುತ್ತಾರೆ. ಕಾರ್ಖಾನೆಗೆ ನೇಕಾರ ಒಬ್ಬನೇ ಬರಬೇಕು. ಬರಲಿಲ್ಲ.

---

ಹಳೇಕಡತ

ತುಂಬಾ ಉಪಯೋಗವಾಯಿತು. ಹಾಗಾದರೆ 1910ರ ಮೇಲೆ ಬಾಗಿಲು ಪೂರ್ತಿ ಮುಚ್ಚಿತೇ? ಮೈಸೂರಿನ ಗಂಧದೆಣ್ಣೆ ಕಾರ್ಖಾನೆಯೂ ಇದೇ ವಸಾಹತು ನೀತಿಯ ಭಾಗವೇ?

---

ಸುಂಕದಕಟ್ಟೆ

ಮೈಸೂರನ್ನು ಇದರಲ್ಲಿ ಕಲಸಬೇಡಿ. 1831ರಿಂದ 1881ರವರೆಗೆ ಅಲ್ಲಿ ಬ್ರಿಟಿಷ್ ಕಮಿಷನರ್ ಆಡಳಿತ. ಲೂಯಿಸ್ ರೈಸ್ ಅವರ 1868ರ ಹೋಬಳಿ ಶಾಲೆಗಳ ಯೋಜನೆ ಆ ಕಾಲದ್ದು, ಅದನ್ನು ವಸಾಹತು ಶಿಕ್ಷಣ ನೀತಿ ಅನ್ನಬಹುದು. 1881ರ ಮೇಲೆ ಒಡೆಯರ ಸರಕಾರ. ಮಾರ್ಲೆಯ ಅಡ್ಡಗಾಲು ಅಲ್ಲಿ ನಡೆಯದು. ಚಾಟರ್ಟನ್ 1912ರಲ್ಲಿ ಮೈಸೂರಿಗೆ ಬಂದದ್ದು ಸುಮ್ಮನೆ ಅಲ್ಲ. ವಿಶ್ವೇಶ್ವರಯ್ಯ ದಿವಾನರಾದದ್ದೂ ಅದೇ ವರ್ಷ. ಮೊದಲ ಮಹಾಯುದ್ಧ ಶುರುವಾಗಿ ಜರ್ಮನಿಗೆ ಹೋಗುತ್ತಿದ್ದ ಗಂಧದ ಕೊರಡು ನಿಂತುಹೋದಾಗ, ಟಾಟಾ ಇನ್‌ಸ್ಟಿಟ್ಯೂಟಿನ (ಇಂದಿನ ಭಾರತೀಯ ವಿಜ್ಞಾನ ಸಂಸ್ಥೆ) ಸಡ್‌ಬರೋ ಮತ್ತು ವಾಟ್ಸನ್ ಬಟ್ಟಿ ಇಳಿಸುವ ವಿಧಾನ ಹದಕ್ಕೆ ತಂದರು. 1916ರಲ್ಲಿ ಬೆಂಗಳೂರು, 1917ರಲ್ಲಿ ಮೈಸೂರು ಕಾರ್ಖಾನೆ, 1918ಕ್ಕೆ ಸಾಬೂನು. ಸರಕಾರದ್ದೇ ಕಾಡು, ಸರಕಾರದ್ದೇ ಕಾರ್ಖಾನೆ. ಮದ್ರಾಸಿನಲ್ಲಿ ತಪ್ಪು ಎನಿಸಿದ್ದು ಇಲ್ಲಿ ಆಡಳಿತವಾಯಿತು.

ಕಡ್ಡಾಯ ಶಿಕ್ಷಣದಲ್ಲೂ ಹೀಗೇ. ಗೋಖಲೆಯವರ ಮಸೂದೆ 1912ರಲ್ಲಿ 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. ಮೈಸೂರು 1913ರಲ್ಲಿ ಕಾಯಿದೆ ಮಾಡಿಕೊಂಡಿತು. ಮುಂಬಯಿಯ ಕಾಯಿದೆ 1918ರದ್ದು, ಮದ್ರಾಸಿನದು 1920ರದ್ದು.

ಬ್ರಿಟಿಷ್ ಪ್ರಾಂತಗಳಲ್ಲಿ ಬಾಗಿಲು ಪೂರ್ತಿ ಮುಚ್ಚಲಿಲ್ಲ, ಅರೆತೆರೆದದ್ದು. ಮಾರ್ಲೆಯ ನಂತರ ಬಂದ ಕ್ರೂ ಬಿಗಿ ಸಡಿಲಿಸಿದರು, ಮಾರ್ಲೆಯ ಆದೇಶದಿಂದ ನಿಂತಿದ್ದ ಮದ್ರಾಸಿನ ಕೈಗಾರಿಕಾ ಇಲಾಖೆ 1914ಕ್ಕೆ ಮರಳಿ ಬಂತು. ಯುದ್ಧದಲ್ಲಿ ಸಾಮಾನು ಸಿಗದೆ ಕಣ್ಣು ತೆರೆದ ಮೇಲೆ 1916ರ ಕೈಗಾರಿಕಾ ಆಯೋಗ; ಚಾಟರ್ಟನ್ ಅದರ ಸದಸ್ಯರು. ಆಮೇಲೆ ಮದ್ರಾಸಿನ 1922ರ ಕೈಗಾರಿಕಾ ನೆರವಿನ ಕಾಯಿದೆ. ಹೊಸ ಉದ್ಯಮಕ್ಕೆ, ಗೃಹ ಕೈಗಾರಿಕೆಗೆ ಸಾಲ, ಬ್ಯಾಂಕಿನ ಸಾಲಕ್ಕೆ ಖಾತರಿ, ಷೇರು ಖರೀದಿ, ರಿಯಾಯಿತಿಯಲ್ಲಿ ಭೂಮಿ, ಸೌದೆ, ನೀರು, ಎಲ್ಲ ಬರೆದಿದೆ. ಓದಲು ಚೆಂದ. ಗಂಟು ಇರುವುದು ಭದ್ರತೆಯ ಷರತ್ತಿನಲ್ಲಿ: ಸಾಲ ಆಸ್ತಿಯ ನಿವ್ವಳ ಬೆಲೆಯ ಅರ್ಧ ಮೀರುವಂತಿಲ್ಲ, ಆಸ್ತಿ ಅಡವಾಗಬೇಕು, ಲೆಕ್ಕಪತ್ರ ತೋರಿಸಬೇಕು. ಮಗ್ಗವನ್ನೋ ತೊಗಲ ತೊಟ್ಟಿಯನ್ನೋ ಅಡವಿಟ್ಟು ಎಷ್ಟು ಸಾಲ ಹುಟ್ಟೀತು? ಅರ್ಜಿ ಹಾಕಬಲ್ಲವನಿಗೆ ಮೊದಲೇ ಬಂಡವಾಳ ಇರಬೇಕಾಗಿತ್ತು.

ನಿಜವಾಗಿ ಕೈಗಾರಿಕೆಯನ್ನು ಎತ್ತಿದ್ದು ಸಾಲಕ್ಕಿಂತ ಸುಂಕ. 1896ರಿಂದ ಇಲ್ಲಿನ ಗಿರಣಿ ಬಟ್ಟೆಗೆ ನೂರಕ್ಕೆ ಮೂರೂವರೆ ಅಬಕಾರಿ (ಉತ್ಪಾದನಾ ಸುಂಕ) ಇತ್ತು, ಹೊರಗಿನ ಬಟ್ಟೆಗೂ ಆಗ ಅಷ್ಟೇ ಆಮದು ಸುಂಕ, ಇಂಗ್ಲೆಂಡಿನ ಗಿರಣಿ ನಾಡಾದ ಲ್ಯಾಂಕಶೈರಿಗೆ ನೋವಾಗಬಾರದಲ್ಲ! ಅಬಕಾರಿ ನಿಂತದ್ದು 1925ರ ಡಿಸೆಂಬರಿನಲ್ಲಿ. ಉಕ್ಕಿಗೆ 1924ರಲ್ಲಿ ರಕ್ಷಣೆ ಸಿಕ್ಕಿತು, ಸಕ್ಕರೆಗೆ 1932ರಲ್ಲಿ. ಮಂಡ್ಯದ ಸಕ್ಕರೆ ಕಂಪನಿ 1933ರದ್ದು ಎಂಬುದನ್ನು ಈ ದಿನಾಂಕದ ಪಕ್ಕ ಇಟ್ಟು ನೋಡಿ. ಅಲ್ಲಿ ಮೈಸೂರಿನ ಬಂಡವಾಳ, ಕನ್ನಂಬಾಡಿಯ ನೀರು, ದಿಲ್ಲಿಯ ಸುಂಕ ಮೂರೂ ಕೂಡಿದ್ದವು.

---

ಒಂದಾಣೆ

@ಹಳೇಕಡತ, ಹಳೆಯ ವಾರ್ಷಿಕ ವರದಿ ನೋಡುವಾಗ ಒಂದು ಎಚ್ಚರ. ಶಿಕ್ಷಣದ ಖರ್ಚಿನ ಪಟ್ಟಿಯಲ್ಲಿ ಪ್ರಾಂತದ ಹಣ, ಲೋಕಲ್ ಫಂಡ್, ಮುನಿಸಿಪಾಲಿಟಿ, ಫೀ ಎಂದು ಬೇರೆ ಬೇರೆ ಕಲಮುಗಳಿರುತ್ತವೆ. ಕೊನೆಯ ಒಟ್ಟು ಮೊತ್ತವನ್ನು ಎತ್ತಿ ‘ಸರಕಾರ ಇಷ್ಟು ಕೊಟ್ಟಿತು’ ಎಂದು ಬರೆದರೆ ರೈತನ 5 ಆಣೆ 4 ಪೈ, ಮಗುವಿನ ಫೀ ಎರಡೂ ಸರಕಾರದ ಖಾತೆಗೆ ಜಮೆಯಾಗಿಬಿಡುತ್ತವೆ. ಮೊದಲನೇ ಕಲಮು ಮಾತ್ರ ತೆಗೆದುಕೊಳ್ಳಿ.