ಹಳೇ ಹಂಚಿನ ಕಾರ್ಖಾನೆಯಲ್ಲಿ ಹಳೇ ಕಾಲದ ಮದುವೆ: ಯಾರಾದರೂ ಮಾಡಿದ್ದೀರಾ?

ಹೊಳೆಬದಿ ಹುಡುಗಿ:
ಎಲ್ಲರಿಗೂ ನಮಸ್ಕಾರ. ಬರುವ ಫೆಬ್ರುವರಿಯಲ್ಲಿ ನನ್ನ ಮದುವೆ. ಕುಂದಾಪುರದ ಕಡೆ, ನಮ್ಮೂರ ಹತ್ತಿರ ಹೊಳೆ ಬದಿಯಲ್ಲಿ ಒಂದು ಹಂಚಿನ ಕಾರ್ಖಾನೆ ಇದೆ, ಮುಚ್ಚಿ ಎಷ್ಟೋ ವರ್ಷ ಆಯಿತು. ಅಲ್ಲೇ ಮದುವೆ ಆಗಬೇಕು ಅಂತ ನಮ್ಮಿಬ್ಬರಿಗೂ ಆಸೆ. ಉದ್ದದ ಶೆಡ್ಡು, ಮರದ ಕಂಬಗಳು, ಹೊರಗೆ ಎತ್ತರದ ಇಟ್ಟಿಗೆ ಚಿಮಣಿ. ಬೆಳಗ್ಗೆ ಹತ್ತು ಗಂಟೆಗೆ ಹೋದರೆ ಗಾಜಿನ ಹಂಚಿನಿಂದ ಬಿಸಿಲುಕೋಲು ನೆಲದವರೆಗೆ ಇಳಿದಿರುತ್ತದೆ, ಅದರಲ್ಲಿ ಧೂಳು ತೇಲುವುದು ಕಾಣುತ್ತದೆ.

ಫೋಟೋ ಚೆನ್ನಾಗಿ ಬರಲಿ ಅಂತ ಮಾತ್ರ ಅಲ್ಲ. ನಮ್ಮ ಅಮ್ಮಮ್ಮ ಮದುವೆಗೆ ಮುಂಚೆ ಅಲ್ಲಿ ಕೆಲಸ ಮಾಡಿದವರು. ಪ್ರೆಸ್ಸಿನಿಂದ ಬಂದ ಹಸಿ ಹಂಚಿನ ಅಂಚು ಸವರಿ, ತಲೆ ಮೇಲೆ ಹೊತ್ತು ಒಣಗಿಸುವ ಅಟ್ಟಕ್ಕೆ ಹಾಕುವುದು ಅವರ ಕೆಲಸ. ಈಗಲೂ ಹಂಚು ಕೈಗೆ ಕೊಟ್ಟರೆ ಬೆರಳಿನ ಗೆಣ್ಣಿನಿಂದ ಒಂದು ಸಲ ತಟ್ಟುತ್ತಾರೆ. ಟಣ್ ಅಂದರೆ ಬೆಂದಿದೆ, ದಡ್ ಅಂದರೆ ಬೆಂದಿಲ್ಲ ಅಥವಾ ಬಿರುಕು ಬಿಟ್ಟಿದೆ.

ಮನೆಯಲ್ಲಿ ಮಾತ್ರ ದೊಡ್ಡ ಗಲಾಟೆ. "ಹಾಳು ಬಿದ್ದ ಜಾಗದಲ್ಲಿ ಧಾರೆ ಎರೆಯುವುದಾ?" ಅಂತ ದೊಡ್ಡಪ್ಪ ಮಾತೇ ಬಿಟ್ಟಿದ್ದಾರೆ. ಸುಮಾರು 400 ಜನ ಆಗುತ್ತಾರೆ. ಕರೆಂಟು, ನೀರು ಎರಡೂ ಇಲ್ಲ. ಅಲಂಕಾರ ಎಲ್ಲ ಹಳೇ ಕಾಲದ್ದೇ ಇರಬೇಕು: ಗ್ರಾಮೋಫೋನ್, ಹಿತ್ತಾಳೆ, ಮಡಚುವ ಕುರ್ಚಿ, ಅಂಬಾಸಿಡರ್ ಕಾರು. ಎಲ್ಲಿಂದ ಶುರು ಮಾಡಲಿ?

ಪಕಾಸು ರೀಪು:
ತಂಗಿ, ಮೊದಲು ಕಟ್ಟಡದ ಮಾಡು, ಅಂದರೆ ಚಾವಣಿ, ನೋಡಿಸಿ. ಅಲಂಕಾರ ಆಮೇಲೆ. ನಾನು ಇಪ್ಪತ್ತು ವರ್ಷದಿಂದ ಹಂಚಿನ ಮಾಡಿನ ಮರದ ಕೆಲಸವೇ ಮಾಡುತ್ತಿದ್ದೇನೆ. ಮುಚ್ಚಿದ ಕಟ್ಟಡದಲ್ಲಿ ಒಂದು ಹಂಚು ಒಡೆದರೆ ಸಾಕು, ಪ್ರತಿ ಮಳೆಗಾಲ ಅಲ್ಲಿಂದಲೇ ನೀರು ಇಳಿದು ಹಂಚು ಕೂರುವ ರೀಪು ಪಟ್ಟಿ ಕುಂಬಾಗುತ್ತದೆ, ಆಮೇಲೆ ರೀಪನ್ನು ಹೊರುವ ಇಳಿಜಾರು ಮರ ಪಕಾಸು, ಆಮೇಲೆ ಗೋಡೆ ಮೇಲೆ ಕೂತ ತೊಲೆಯ ತುದಿ. ಕೆಳಗಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಏಣಿ ಹಾಕಿ, ಸ್ಕ್ರೂಡ್ರೈವರಿನಿಂದ ತೊಲೆಯ ತುದಿ ಚುಚ್ಚಿ ನೋಡಬೇಕು. ಒಳಗೆ ಸಲೀಸಾಗಿ ಹೋಯಿತು ಅಂದರೆ ಆ ಭಾಗದ ಕೆಳಗೆ ಯಾರನ್ನೂ ಕೂರಿಸಬೇಡಿ. ನಾನು ಹೇಳಿದೆ ಅಂತ ನಂಬಬೇಡಿ, ಒಬ್ಬ ಸಿವಿಲ್ ಇಂಜಿನಿಯರ್ ಕೈಯಲ್ಲಿ ನೋಡಿಸಿ ಬರಹದಲ್ಲಿ ತೆಗೆದುಕೊಳ್ಳಿ.

ಇನ್ನೊಂದು ವಿಷಯ. ಜೋತು ಬಿಡುವ ದೀಪ, ಹೂವಿನ ದೊಡ್ಡ ಗೊಂಚಲು ಯಾವುದನ್ನೂ ಹಳೇ ಪಕಾಸಿಗೆ ಕಟ್ಟಬೇಡಿ. ಬೇರೆ ಕಬ್ಬಿಣದ ಪೈಪಿನ ಚೌಕಟ್ಟು ನಿಲ್ಲಿಸಿ ಅದಕ್ಕೆ ಕಟ್ಟಿ. ಚಿಮಣಿ ಬುಡಕ್ಕೆ ಮಕ್ಕಳು ಹೋಗದ ಹಾಗೆ ಬೇಲಿ ಹಾಕಿ. ಒಣಗಿಸುವ ಅಟ್ಟಕ್ಕೆ ಫೋಟೋಗೆ ಅಂತ ಯಾರೂ ಹತ್ತಬಾರದು.

ಉಡುಪಿ ಶಾಮಿಯಾನ:
ಅವರು ಹೇಳಿದ್ದು ಸರಿ. ನಾನು ಚಪ್ಪರದ ಕೆಲಸದವನು, ನನಗೆ ಗೊತ್ತಿರುವುದು ಹೇಳುತ್ತೇನೆ.

ಕರೆಂಟಿನ ಲೆಕ್ಕ ಈಗಲೇ ಹಾಕಿ. ಹಳೇ ಥರದ 40 ವ್ಯಾಟಿನ ಬಲ್ಬು ನೂರು ಹಾಕಿದರೆ ಅದಕ್ಕೇ 4 ಕಿಲೋವ್ಯಾಟ್ ಬೇಕು, ಸೆಖೆ ಬೇರೆ. ಅದೇ ಥರ ಕಾಣುವ 4 ವ್ಯಾಟಿನ ಎಲ್‌ಇಡಿ ಬಲ್ಬು ಸಿಗುತ್ತದೆ, ನೂರಕ್ಕೆ 400 ವ್ಯಾಟ್ ಮಾತ್ರ. ನಮ್ಮ ಅಕ್ಕನ ಮದುವೆ ಬೆಂಗಳೂರಿನ ಒಂದು ಹಳೇ ಗೋದಾಮಿನಲ್ಲಿ ಆಯಿತು. ವ್ಯವಸ್ಥೆ ಮಾಡಿದವರು ಸಣ್ಣ ಜನರೇಟರ್ ತಂದಿದ್ದರು. ಸರಿಯಾಗಿ ಧಾರೆ ಹೊತ್ತಿಗೆ ಎಲ್ಲ ಆರಿಹೋಗಿ, ಅಮ್ಮ ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದರು. ಅದನ್ನು ನೆನೆದರೆ ಈಗಲೂ ಬೇಸರ ಆಗುತ್ತದೆ. ಮೆಸ್ಕಾಂನಲ್ಲಿ ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಹಾಕಿ, ಜನರೇಟರನ್ನೂ ಇಟ್ಟುಕೊಳ್ಳಿ.

ಅಡುಗೆ ಶೆಡ್ಡಿನೊಳಗೆ ಖಂಡಿತ ಬೇಡ. ಗಾಳಿ ಯಾವ ಕಡೆಯಿಂದ ಬರುತ್ತದೆ ನೋಡಿ, ಹೊರಗೆ ತಗಡಿನ ಚಪ್ಪರ ಹಾಕಿ ಒಲೆ ಹೂಡಿಸಿ. ಅಡುಗೆ ಭಟ್ಟರನ್ನು ಒಂದು ಸಲ ಜಾಗಕ್ಕೆ ಕರೆದುಕೊಂಡು ಹೋಗಿ, ನೀರು ಎಷ್ಟು ಬೇಕು ಅಂತ ಅವರೇ ಹೇಳುತ್ತಾರೆ. ಹೋಮಕ್ಕೆ ಮರಳು ಹಾಸಿ ಇಟ್ಟಿಗೆ ಕಟ್ಟಿ, ಪಕ್ಕದಲ್ಲೇ ಬಕೆಟಿನಲ್ಲಿ ನೀರು, ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಮೇಲೆ ಇರುವುದು ಒಣಗಿದ ಮರ, ಮರೆಯಬೇಡಿ.

ಜಾಗದ ಮಾಲೀಕರು ಒಬ್ಬರೇನಾ? ಇಂಥ ಆಸ್ತಿ ಜಾಸ್ತಿ ಪಾಲಿನಲ್ಲಿ ಇರುತ್ತದೆ. ಎಲ್ಲ ಪಾಲುದಾರರ ಸಹಿ ತೆಗೆದುಕೊಳ್ಳಿ. ಪಂಚಾಯತಿಗೂ ಠಾಣೆಗೂ ಪತ್ರ ಕೊಡಿ. ರಾತ್ರಿ 10ರ ಮೇಲೆ ಮೈಕು ಹಾಕುವಂತಿಲ್ಲ.

ಸೀತಕ್ಕ:
ಮಗಳೇ, ನಿನ್ನ ಆಸೆ ಚಂದ ಇದೆ. ಆದರೆ ವಯಸ್ಸಾದವರ ಬಗ್ಗೆ ಯಾರೂ ಬರೆಯಲಿಲ್ಲ. ನನಗೆ ಮೊಣಕಾಲು ನೋವು, ಏರುಪೇರು ನೆಲ ಅಂದರೆ ಭಯ. ಶೌಚಾಲಯ ದೂರ ಇದ್ದರೆ ನಮ್ಮಂಥವರು ಬೆಳಗ್ಗಿನಿಂದ ನೀರೇ ಕುಡಿಯುವುದಿಲ್ಲ. ನೆಲ ಮಟ್ಟ ಮಾಡಿಸು, ಕಮೋಡ್ ಇರುವ ಶೌಚಾಲಯ ಎರಡಾದರೂ ತರಿಸು, ಅಲ್ಲಿಯವರೆಗೆ ದೀಪ ಹಾಕಿಸು. ಹಾಳು ಜಾಗ ಅನ್ನುವುದಕ್ಕೆ, ಮುಂಚೆಯೇ ಒಂದು ದಿನ ಗುಡಿಸಿ ಸಾರಿಸಿ, ಗಣಹೋಮ ಮಾಡಿಸಿ, ಅಲ್ಲೇ ಹಾಲು ಉಕ್ಕಿಸಿ ನಾಲ್ಕು ಜನಕ್ಕೆ ಊಟ ಹಾಕಿ. ದೊಡ್ಡಪ್ಪನನ್ನೇ ಮುಂದೆ ನಿಲ್ಲಿಸು. ಅಮ್ಮಮ್ಮನನ್ನು ಕೇಳಿದ್ದೀಯಾ? ಅವರಿಗೆ ಅದು ಬೆವರು ಸುರಿಸಿದ ಜಾಗ. ಅವರಿಗೆ ಇಷ್ಟ ಇದೆಯಾ ಇಲ್ಲವಾ ಅಂತ ಮೊದಲು ಕೇಳು.

ಮುಳ್ಳು ಬದಲಿಸುವವ:
ನಾನು ಮಂಗಳೂರಿನವನು, ಹಳೇ ವಸ್ತು ಕೂಡಿಡುತ್ತೇನೆ. ಇಲ್ಲಿಯ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿ ಉದ್ದಕ್ಕೂ ಇಂಥವು ಎದ್ದವು. ಪ್ರತಿ ಹಂಚಿನ ಮೇಲೂ ಕಾರ್ಖಾನೆಯ ಹೆಸರು, ಗುರುತು ಒತ್ತಿರುತ್ತಿದ್ದರು. ನಿಮ್ಮ ಕಾರ್ಖಾನೆಯ ಗುರುತಿರುವ ಹಂಚು ಅಲ್ಲೇ ರಾಶಿಯಲ್ಲಿ ಸಿಗುತ್ತದೆ. ತೊಳೆದು, ಒಂದೊಂದರ ಮೇಲೆ ಒಂದು ಹಣತೆ ಇಟ್ಟು ದಾರಿಯ ಎರಡೂ ಬದಿ ಜೋಡಿಸಿ. ಬೆಂಗಳೂರಿನಿಂದ ಪ್ಲಾಸ್ಟಿಕ್ಕಿನ ನಕಲಿ ಗ್ರಾಮೋಫೋನ್, ಖಾಲಿ ವೈನ್ ಪೀಪಾಯಿ ತರಿಸುವುದು ದಯವಿಟ್ಟು ಬೇಡ. ಅದು ಎಲ್ಲಿಯದೋ ಕಾಲ. ನಿಮ್ಮ ಕಾರ್ಖಾನೆಗೆ ತನ್ನದೇ ಕಾಲ ಇದೆ, ಸಾಮಾನು ಅಲ್ಲೇ ಬಿದ್ದಿದೆ.

ನಿಜವಾದ ಗ್ರಾಮೋಫೋನ್ ಸಿಕ್ಕರೆ ಜೊತೆಗೆ ಒಬ್ಬರು ಇರಲೇಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ತಟ್ಟೆ ಒಂದು ಬದಿಗೆ ಮೂರು ನಿಮಿಷ ಅಷ್ಟೇ ಹಾಡುತ್ತದೆ. ಪ್ರತಿ ಬದಿಗೂ ಹೊಸ ಮುಳ್ಳು ಹಾಕಬೇಕು, ಇಲ್ಲದಿದ್ದರೆ ತಟ್ಟೆ ಹಾಳಾಗುತ್ತದೆ. ಅದನ್ನು ಊಟದ ಹೊತ್ತಿಗೆ ಇಡಿ. ಧಾರೆಗೆ ವಾಲಗ ಇರಲಿ, ಅದಕ್ಕೆ ಮೈಕು ಬೇಡ. ಬರಿಯ ಸಿಮೆಂಟ್ ನೆಲದಲ್ಲಿ ಶಬ್ದ ಗುಂಯ್ ಅನ್ನುತ್ತದೆ, ಜಮಖಾನ ಜಾಸ್ತಿ ಹಾಸಿ. ಅಂಬಾಸಿಡರ್ ತಯಾರಿ ನಿಂತಿದ್ದು 2014ರಲ್ಲಿ, ಹಾಗಾಗಿ ಓಡುವ ಸ್ಥಿತಿಯ ಗಾಡಿ ಹುಡುಕುವುದು ಕಷ್ಟವೇನಲ್ಲ. ಮದುವೆ ಕಾಗದ ಅಚ್ಚು ಮಾಡುವುದಾದರೆ ಅಚ್ಚಿನ ಮೊಳೆ (ಲೋಹದ ಅಕ್ಷರ) ಜೋಡಿಸಿ ಟ್ರೆಡಲ್ ಅನ್ನುವ ಹಳೇ ಮುದ್ರಣ ಯಂತ್ರದಲ್ಲಿ ಒತ್ತುವವರನ್ನು ವಿಚಾರಿಸಿ. ಅಕ್ಷರದ ಕುಳಿ ಬೆರಳಿಗೆ ಸಿಗುತ್ತದೆ.

ಹೊಳೆಬದಿ ಹುಡುಗಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೀತಕ್ಕ, ನಿಮ್ಮ ಮಾತು ಓದಿ ಮೊನ್ನೆ ಭಾನುವಾರ ಅಮ್ಮಮ್ಮನನ್ನು ಕರೆದುಕೊಂಡು ಹೋದೆ. ನಾನು ಅವರನ್ನು ಸರಿಯಾಗಿ ಕೇಳಿಯೇ ಇರಲಿಲ್ಲ. ಶೆಡ್ಡಿನೊಳಗೆ ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ ಹಂಚು ಸುಡುವ ಭಟ್ಟಿ ಇದ್ದ ಕಡೆ ಕೈ ತೋರಿಸಿ, "ಅಲ್ಲಿ ಬೇಡ, ಅಲ್ಲಿ ಸೆಖೆಗೆ ನಾವು ಸತ್ತುಹೋಗುತ್ತಿದ್ದೆವು. ಹೊಳೆ ಕಡೆ ಬಾಗಿಲ ಹತ್ತಿರ ಮಾಡಿ, ಅಲ್ಲಿ ಗಾಳಿ ಬರುತ್ತದೆ, ಊಟದ ಬಿಡುವಿನಲ್ಲಿ ಅಲ್ಲೇ ಕೂರುತ್ತಿದ್ದೆವು" ಅಂದರು. ಜೊತೆಗೆ ಕೆಲಸ ಮಾಡಿದ ಮೂವರು ಇನ್ನೂ ಇದ್ದಾರಂತೆ, ಅವರಿಗೆ ಮೊದಲ ಪಂಕ್ತಿ ಊಟ ಅಂತ ಅಲ್ಲೇ ತೀರ್ಮಾನ ಆಯಿತು.

ಇಂಜಿನಿಯರ್ ಬಂದು ನೋಡಿದರು. ಉತ್ತರದ ಅರ್ಧ ಶೆಡ್ಡು ಗಟ್ಟಿ ಇದೆ, ದಕ್ಷಿಣದ್ದು ಬೇಡವೇ ಬೇಡ ಅಂತ ಬರೆದುಕೊಟ್ಟಿದ್ದಾರೆ. ಹೊಳೆ ಕಡೆ ಬಾಗಿಲು ಉತ್ತರಕ್ಕೇ ಇದೆ. ಹಾಗಾಗಿ ಧಾರೆ ಅಲ್ಲಿ, ಊಟ ಹೊರಗೆ ಚಪ್ಪರದಲ್ಲಿ. ದೊಡ್ಡಪ್ಪ ಇನ್ನೂ ಮಾತಾಡಿಲ್ಲ, ಗಣಹೋಮಕ್ಕೆ ದಿನ ನೋಡಿಕೊಡಿ ಅಂತ ನಾಳೆ ಅವರ ಮನೆಗೇ ಹೋಗುತ್ತೇನೆ. ಪಕಾಸು ಅಣ್ಣ, ಉತ್ತರದ ಭಾಗದಲ್ಲಿ ಒಡೆದ ಹಂಚು ಮೂವತ್ತರಷ್ಟು ಬದಲಿಸಬೇಕು, ಗಾಜಿನದ್ದು ಆರು. ಹಳೇ ಅಳತೆಯದ್ದು ಎಲ್ಲಿ ಸಿಗುತ್ತದೆ ಹೇಳುತ್ತೀರಾ?